ತಟ್ಟೆ ಕೊಳ್ಳುವ ಮುಂಚೆ

(ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ಕಡೆಯ ಕಲಿಕಾ ಕೇಂದ್ರಗಳ ಅಕ್ಕತಂಗಿಯರಿಗಾಗಿ ಆಡಿದ ಮಾತು)



ಇವತ್ತು ನಾವು ಟಿ.ವಿ. ಬಗ್ಗೆ ಮಾತಾಡೋಣ. ಟಿ.ವಿ. ನೋಡಬೇಕೋ ಬೇಡವೋ ಅನ್ನೋ ಮಾತಲ್ಲ. ಅದು ನಿಮ್ಮ ನಿಮ್ಮ ಮನೆಯ ವಿಚಾರ. ನೋಡೋದಾದರೆ ದುಡ್ಡು ಎಷ್ಟು ಹೋಗುತ್ತೆ? ಯಾವ ಸಾಮಾನು ಕೊಳ್ಳಬೇಕು? ಅಂಗಡಿಯವರನ್ನ ಏನು ಕೇಳಬೇಕು? ಇಷ್ಟೇ ನಮ್ಮ ಮಾತು.

ಮೊದಲು ಒಂದು ಲೆಕ್ಕ ಮಾಡೋಣ. ನೋಟ್ ಪುಸ್ತಕ ತೆಗೀರಿ. ಪೆನ್ಸಿಲು ಹಿಡೀರಿ.

ಒಂದು ಮನೆಯಲ್ಲಿ ತಿಂಗಳಿಗೆ 250 ರೂಪಾಯಿ ಟಿ.ವಿ. ರೀಚಾರ್ಜಿಗೆ ಹೋಗುತ್ತೆ ಅಂತ ಇಟ್ಟುಕೊಳ್ಳಿ. ವರ್ಷಕ್ಕೆ ಹನ್ನೆರಡು ತಿಂಗಳು. 250 ಗುಣಿಸು 12. ಎಷ್ಟಾಯಿತು? 3,000 ರೂಪಾಯಿ. ಐದು ವರ್ಷಕ್ಕೆ? 15,000. ಅಡಿಕೆ ಸುಲಿದು, ಕಳೆ ಕಿತ್ತು, ಮೆಕ್ಕೆಜೋಳ ಮುರಿದು ತಂದ ಕೂಲಿ ದುಡ್ಡು ಅದು. ಹೊಲಿಗೆ ಯಂತ್ರ ಕೊಳ್ಳಬೇಕು ಅಂತ ಬಹಳ ವರ್ಷದಿಂದ ಅಂದುಕೊಂಡ ಹೆಣ್ಣುಮಗಳು ಈ ಲೆಕ್ಕ ನೋಡಿದರೆ ಏನಂದಾಳು?

ಈ ತಿಂಗಳ ದುಡ್ಡು ಎಲ್ಲಿಂದ ಬಂತು ಅಂತಲೂ ತಿಳಿದಿರಲಿ. ಟ್ರಾಯ್ ಅಂತ ಒಂದು ಸಂಸ್ಥೆ ಇದೆ. ಫೋನು, ಟಿ.ವಿ. ಸೇವೆಗಳಿಗೆ ನಿಯಮ ಮಾಡುವುದು ಅದರ ಕೆಲಸ. 2019ರಲ್ಲಿ ಅದು ಹೊಸ ನಿಯಮ ತಂದಿತು. ಬರೀ ಸಂಪರ್ಕಕ್ಕೇ ತಿಂಗಳಿಗೆ 130 ರೂಪಾಯಿವರೆಗೆ ತೆಗೆದುಕೊಳ್ಳಬಹುದು ಅಂದಿತು. ತೆರಿಗೆ ಸೇರಿದರೆ 153. ಅದರ ಮೇಲೆ ದುಡ್ಡಿನ ಚಾನೆಲ್ ಬೇಕಾದರೆ ಒಂದೊಂದಕ್ಕೂ ಬೇರೆ ದುಡ್ಡು. 2024ರಲ್ಲಿ ಆ 130ರ ಮಿತಿಯನ್ನೂ ತೆಗೆದುಬಿಟ್ಟರು.

ಹಾಗಾದರೆ ತಿಂಗಳ ದುಡ್ಡಿಲ್ಲದೆ ಟಿ.ವಿ. ನೋಡುವ ದಾರಿ ಇಲ್ವೇ? ಇದೆ. ಅದರ ಹೆಸರು ಡಿ.ಡಿ. ಫ್ರೀ ಡಿಶ್. ಡಿ.ಡಿ. ಅಂದರೆ ದೂರದರ್ಶನ. ಫ್ರೀ ಅಂದರೆ ಬಿಟ್ಟಿ. ಡಿಶ್ ಅಂದರೆ ತಟ್ಟೆ. ಆದರೆ ಒಂದು ಮಾತು. ತಟ್ಟೆ ಬಿಟ್ಟಿ ಅಲ್ಲ. ನೋಡೋದು ಬಿಟ್ಟಿ. ತಟ್ಟೆ, ಪೆಟ್ಟಿಗೆ, ತಂತಿಗೆ ಒಂದು ಸಲ ದುಡ್ಡು ಕೊಡಬೇಕು. ಎಲ್ಲಾ ಸೇರಿ ಸುಮಾರು 2,000 ರೂಪಾಯಿ. ಆಮೇಲೆ ತಿಂಗಳ ದುಡ್ಡು ಇಲ್ಲ. ರೀಚಾರ್ಜು ಇಲ್ಲ.

ಇದನ್ನು ಸರ್ಕಾರದ ಪ್ರಸಾರ ಭಾರತಿ ನಡೆಸುತ್ತೆ. 2004ನೇ ಇಸವಿ ಡಿಸೆಂಬರಿನಲ್ಲಿ ಶುರುವಾಯಿತು. ಆಗ ಇದರ ಹೆಸರು ಡಿ.ಡಿ. ಡೈರೆಕ್ಟ್ ಪ್ಲಸ್. ಆಗ 33 ಚಾನೆಲ್ ಬರ್ತಿದ್ದವು. ಈಗ ಬಹಳ ಜಾಸ್ತಿ ಆಗಿವೆ. ನಮ್ಮ ಕನ್ನಡದ ಚಂದನ ಇದರಲ್ಲಿ ಬರುತ್ತೆ. ಶಾಲೆ ಮಕ್ಕಳ ಪಾಠದ ಚಾನೆಲ್‌ಗಳು ಬರ್ತಾವೆ. ಆಕಾಶವಾಣಿಯ ರೇಡಿಯೋ ಕೂಡ ಟಿ.ವಿ.ಯಲ್ಲೇ ಕೇಳಬಹುದು.

ಮನೆ ಮೇಲೆ ಹಳೇ ಏಣಿಯಂಥ ಆಂಟೆನಾ ಐತಲ್ಲ, ಅದು ಸಾಲದಾ ಅಂತ ಕೆಲವರು ಕೇಳ್ತಾರೆ. ಸಾಲದು. ನೆಲದ ಮೇಲಿನ ಗೋಪುರದಿಂದ ಬರುತ್ತಿದ್ದ ಹಳೇ ಪ್ರಸಾರವನ್ನು ದೂರದರ್ಶನ 2022ರ ಹೊತ್ತಿಗೆ ದೇಶದ ಬಹುತೇಕ ಕಡೆ ನಿಲ್ಲಿಸಿತು. ಆ ಏಣಿಯಲ್ಲಿ ಈಗ ಬಟ್ಟೆ ಒಣಗಿಸಬಹುದು, ಅಷ್ಟೇ. ಈಗ ಬರೋದೆಲ್ಲ ಆಕಾಶದಿಂದ.

ಆಕಾಶದಿಂದ ಹೇಗೆ ಬರುತ್ತೆ? ಇದು ತಿಳಿದರೆ ತಟ್ಟೆ ಕೂರಿಸೋಕೆ ಬರುವವರ ಮುಂದೆ ನಾವು ಸುಮ್ಮನೆ ನಿಲ್ಲಬೇಕಾಗಿಲ್ಲ.

ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಜಿಸ್ಯಾಟ್-15 ಅನ್ನೋ ಉಪಗ್ರಹ ಇದೆ. ನಮ್ಮ ದೇಶದ ಇಸ್ರೋದವರು ಮಾಡಿದ್ದು. ತೂಕ 3,164 ಕಿಲೋ. 2015ರ ನವೆಂಬರ್ 11ರಂದು ಬೆಳಗಿನ ಜಾವ ಅದನ್ನು ಹಾರಿಸಿದರು. ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾ ಅನ್ನೋ ದೂರದ ಜಾಗದಿಂದ ಹಾರಿಸಿದ್ದು. ಆದರೆ ಅದನ್ನು ನೋಡಿಕೊಳ್ಳೋದು ಎಲ್ಲಿಂದ ಗೊತ್ತಾ? ನಮ್ಮ ಹಾಸನದಿಂದ. ಹಾಸನದಲ್ಲಿ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ 1982ರಿಂದ ಇದೆ.

ಉಪಗ್ರಹ ಭೂಮಿ ಸುತ್ತ ತಿರುಗುತ್ತೆ ಅಂತಾರೆ. ಹಾಗಿದ್ದರೆ ನಮ್ಮ ತಟ್ಟೆ ಯಾಕೆ ಒಂದೇ ಕಡೆ ನೋಡ್ತಾ ಕೂತಿರುತ್ತೆ? ಒಳ್ಳೆ ಪ್ರಶ್ನೆ. ಎತ್ತಿನ ಗಾಡಿಯ ಗಾಲಿ ನೆನೆಸಿಕೊಳ್ಳಿ. ನಡುವೆ ಗುಂಬ ಇದೆ. ಸುತ್ತ ಪಟ್ಟಿ ಇದೆ. ಗುಂಬ ಒಂದು ಸುತ್ತು ಬಂದರೆ ಪಟ್ಟಿಯೂ ಒಂದೇ ಸುತ್ತು ಬರುತ್ತೆ. ಗುಂಬದ ಮೇಲೆ ಕೂತ ಇರುವೆಗೆ ಪಟ್ಟಿಯ ಮೇಲಿನ ಮೊಳೆ ಯಾವಾಗಲೂ ಒಂದೇ ಕಡೆ ಕಾಣುತ್ತೆ. ಭೂಮಿ ಗುಂಬ. ಉಪಗ್ರಹ ಪಟ್ಟಿಯ ಮೇಲಿನ ಮೊಳೆ. ನಾವು ಇರುವೆ.

ಈ ಉಪಗ್ರಹದ ಮಾತಿಗೆ ನಮ್ಮ ರಾಜ್ಯದಲ್ಲಿ ಹಳೇ ಕತೆ ಒಂದಿದೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಒಂದು ವರ್ಷ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಉಪಗ್ರಹದಿಂದ ಟಿ.ವಿ. ಬಂತು. ಸೈಟ್ ಅಂತ ಅದರ ಹೆಸರು. ಉಪಗ್ರಹ ನಮ್ಮದಲ್ಲ. ಅಮೆರಿಕದಿಂದ ಕಡ ತಂದದ್ದು. ಕರ್ನಾಟಕದಲ್ಲಿ ಆಗಿನ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳಲ್ಲಿ ಇಟ್ಟರು. ಊರಿಗೆಲ್ಲ ಒಂದೇ ಟಿ.ವಿ. ತಟ್ಟೆ ಎಷ್ಟು ದೊಡ್ಡದು ಅಂತೀರಿ? ಹತ್ತು ಅಡಿ ಅಗಲ! ಕೋಳಿಗೂಡಿಗೆ ಹಾಕ್ತಾರಲ್ಲ, ಆ ಜಾಲರಿಯಲ್ಲಿ ಮಾಡಿದ್ದು. ಈಗ ಎರಡು ಅಡಿ ತಟ್ಟೆ ಸಾಕು. ಉಪಗ್ರಹದ ಶಕ್ತಿ ಹೆಚ್ಚಾಗಿದೆ, ಅಲೆಯ ಜಾತಿಯೂ ಬೇರೆ. ಅದಕ್ಕೇ ತಟ್ಟೆ ಚಿಕ್ಕದಾಯಿತು.

ಈಗ ದಿಕ್ಕಿನ ಮಾತಿಗೆ ಬರೋಣ. ಇದನ್ನು ಸ್ವಲ್ಪ ನಿಧಾನವಾಗಿ ಹೇಳ್ತೀವಿ. ಯಾಕೆ ಅಂದರೆ ಸಾಮಾನು ಎಷ್ಟೇ ಚೆನ್ನಾಗಿರಲಿ, ಜಾಗ ಸರಿ ಇಲ್ಲದಿದ್ದರೆ ದುಡ್ಡು ದಂಡ.

ಜಿಸ್ಯಾಟ್-15 ಇರೋದು ನಮ್ಮ ಊರುಗಳಿಂದ ಆಗ್ನೇಯ ದಿಕ್ಕಿಗೆ. ಆಗ್ನೇಯ ಅಂದರೆ ಪೂರ್ವ ಮತ್ತು ದಕ್ಷಿಣದ ನಡುವಿನ ಮೂಲೆ. ಅಗ್ನಿ ಮೂಲೆ. ಮನೆಯಲ್ಲಿ ಒಲೆ ಹೂಡುವ ಮೂಲೆ ಅಂದರೆ ನಿಮಗೆ ತಟ್ಟನೆ ತಿಳಿಯುತ್ತೆ. ಆ ಮೂಲೆಯಿಂದ ಒಂದಿಷ್ಟು ಪೂರ್ವಕ್ಕೆ ಸರಿದ ಹಾಗೆ. ಚನ್ನಗಿರಿಯಲ್ಲೂ ಅದೇ, ಹೊನ್ನಾಳಿಯಲ್ಲೂ ಅದೇ, ನ್ಯಾಮತಿಯಲ್ಲೂ ಅದೇ. ಜಗಳೂರಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ.

ಎಷ್ಟು ಎತ್ತರಕ್ಕೆ ನೋಡಬೇಕು? ಎದುರಿನ ನೆಲದ ಅಂಚಿನಿಂದ ನಮ್ಮ ನೆತ್ತಿಯವರೆಗೆ ಮೂರು ಭಾಗ ಮಾಡಿ. ಎರಡು ಭಾಗ ದಾಟಿ ಇನ್ನೂ ಒಂಚೂರು ಮೇಲೆ. ಲೆಕ್ಕದಲ್ಲಿ ಹೇಳೋದಾದರೆ ಸುಮಾರು 64 ಡಿಗ್ರಿ. ಅಂದರೆ ಬಹಳ ಎತ್ತರದಲ್ಲೇ ಇದೆ. ಆದರೆ ತಟ್ಟೆಯನ್ನು ನೋಡಿದರೆ ಅಷ್ಟು ಮೇಲೆ ಮುಖ ಮಾಡಿದ ಹಾಗೆ ಕಾಣೋದಿಲ್ಲ. ಈ ಸಣ್ಣ ತಟ್ಟೆಗಳ ಆಕಾರವೇ ಹಾಗೆ. ಮೇಲಿಂದ ಬಂದದ್ದನ್ನು ಓರೆಯಾಗಿ ಹಿಡಿದು ಮುಂದಿನ ತೋಳಿನ ತುದಿಗೆ ಕೊಡುತ್ತೆ. ತಟ್ಟೆ ಬಗ್ಗಿದೆ ಅಂತ ಹೆದರಬೇಡಿ.

ಈ ಎತ್ತರದಿಂದ ನಮಗೆ ಎರಡು ಲಾಭ.

ಮೊದಲನೆಯದು ಮರದ ವಿಚಾರ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆ ಅಡಿಕೆ ತೋಟ ಮನೆ ಪಕ್ಕಕ್ಕೇ ಬಂದಿರುತ್ತೆ. ಅಡಿಕೆ ಮರದ ಹೆಡಲು ಅಡ್ಡ ಬಂದರೆ ಚಿತ್ರ ಬರೋಲ್ಲ. ಗಾಳಿಗೆ ಹೆಡಲು ಆಡಿದಾಗ ಬಂದು ಬಂದು ಹೋಗುತ್ತೆ. ಹಾಗಂತ ಮರ ಕಡಿಯೋ ಅಗತ್ಯ ಇಲ್ಲ. ಲೆಕ್ಕ ಇಷ್ಟೇ: ತಟ್ಟೆಗಿಂತ ಮರ ಎಷ್ಟು ಎತ್ತರ ಇದೆಯೋ, ಅದರ ಅರ್ಧದಷ್ಟು ದೂರ ಇದ್ದರೆ ಸಾಕು. ಮರ 50 ಅಡಿ. ತಟ್ಟೆ ಇರೋದು 10 ಅಡಿ ಎತ್ತರದಲ್ಲಿ. ಎರಡರ ನಡುವೆ 40 ಅಡಿ. ಅರ್ಧ ಮಾಡಿ. 20 ಅಡಿ ದೂರ ಸಾಕು. ಒಂದೆರಡು ಅಡಿ ಹೆಚ್ಚೇ ಬಿಡಿ, ಮರ ಬೆಳೆಯುತ್ತಲ್ಲ. ಆಗ್ನೇಯ ಬಿಟ್ಟು ಬೇರೆ ದಿಕ್ಕಿನಲ್ಲಿ ಎಷ್ಟು ಮರ ಇದ್ದರೂ ತೊಂದರೆ ಇಲ್ಲ.

ಜಾಗ ಸರಿ ಇದೆಯಾ ಅಂತ ನೋಡೋಕೆ ಸೂರ್ಯನೇ ಒಂದು ಉಪಾಯ ತೋರಿಸ್ತಾನೆ. ವರ್ಷಕ್ಕೆ ಎರಡು ಸಲ, ಮಾರ್ಚ್ ನಡುವಿನ ಹೊತ್ತಿಗೆ ಮತ್ತು ಸೆಪ್ಟೆಂಬರ್ ಕೊನೆಗೆ, ಬೆಳಿಗ್ಗೆ ಹನ್ನೊಂದರ ಆಸುಪಾಸಿನಲ್ಲಿ ಸೂರ್ಯ ಸರಿಯಾಗಿ ಆ ಉಪಗ್ರಹದ ಹಿಂದೆ ಬರ್ತಾನೆ. ಆ ದಿನಗಳಲ್ಲಿ ಆ ಹೊತ್ತಿಗೆ, ತಟ್ಟೆ ಇಡೋ ಜಾಗದ ಮೇಲೆ ಬಿಸಿಲು ಬಿದ್ದಿದ್ದರೆ ಜಾಗ ಸರಿ. ಮರದ ನೆರಳೋ ಗೋಡೆ ನೆರಳೋ ಬಿದ್ದಿದ್ದರೆ ಜಾಗ ಬದಲಿಸಿ. ಅದೇ ದಿನಗಳಲ್ಲಿ ಕೆಲವು ನಿಮಿಷ ಚಿತ್ರ ಒಡೆದರೆ ಗಾಬರಿ ಆಗಬೇಡಿ. ಸೂರ್ಯನ ಅಬ್ಬರದಲ್ಲಿ ಉಪಗ್ರಹದ ಸಣ್ಣ ದನಿ ಮುಳುಗಿಹೋಗಿರುತ್ತೆ. ತಾನಾಗೇ ಸರಿ ಹೋಗುತ್ತೆ. ಅದಕ್ಕೆ ರಿಪೇರಿಯವರನ್ನು ಕರೆದು ದುಡ್ಡು ಕೊಡಬೇಡಿ.

ಎರಡನೇ ಲಾಭ ನಮಗೆ ಇನ್ನೂ ಮುಖ್ಯ. ಉಪಗ್ರಹ ಅಷ್ಟು ಮೇಲೆ ಇರೋದರಿಂದ ತಟ್ಟೆಯನ್ನು ಮನೆಯ ಮೇಲೇ ಇಡಬೇಕು ಅಂತಿಲ್ಲ. ಹಿತ್ತಲಿನಲ್ಲಿ ಒಂದು ಕಬ್ಬಿಣದ ಕಂಬ ಹೂತು, ಬುಡಕ್ಕೆ ಕಾಂಕ್ರೀಟು ಹಾಕಿ, ಅದರ ಮೇಲೆ ಕೂರಿಸಬಹುದು. ಜಗಳೂರು ಕಡೆಯ ಮಾಳಿಗೆ ಮನೆಗೆ, ಹಂಚಿನ ಮನೆಗೆ, ಶೀಟಿನ ಮನೆಗೆ ಇದೇ ಒಳ್ಳೇದು ಅಂತ ನಮ್ಮ ಅನಿಸಿಕೆ. ಶೀಟಿಗೆ ತೂತು ಹೊಡೆದು ತಟ್ಟೆ ಬಿಗಿದರೆ ಮಳೆಗಾಲದಲ್ಲಿ ಸೋರುತ್ತೆ. ಗಾಳಿಗೆ ಶೀಟೂ ಆಡುತ್ತೆ, ತಟ್ಟೆಯೂ ಆಡುತ್ತೆ. ಕಂಬದ ಮೇಲಿದ್ದರೆ ನಮ್ಮ ಕೈಗೂ ಎಟಕುತ್ತೆ. ದೂಳು ಒರೆಸೋಕೆ, ತಂತಿ ನೋಡೋಕೆ ಮಾಡು ಹತ್ತುವ ಗಂಡುಮಕ್ಕಳನ್ನು ಕಾಯ್ತಾ ಕೂರಬೇಕಾಗಿಲ್ಲ. ಆಡು, ಕರು ಉಜ್ಜದ ಹಾಗೆ ಮಾತ್ರ ಸುತ್ತ ನಾಲ್ಕು ಮುಳ್ಳು ಹಾಕಿ.

ಕಂಬ ಗಟ್ಟಿ ಇರಲೇಬೇಕು. ತಟ್ಟೆ ಇಲ್ಲಿ ಒಂದು ಡಿಗ್ರಿ ಸರಿದರೆ ಮೇಲೆ ಅದರ ನೋಟ ಆರುನೂರು ಕಿಲೋಮೀಟರಿಗಿಂತ ಹೆಚ್ಚು ತಪ್ಪುತ್ತೆ. ಬಿಸಿಲಿದ್ದಾಗ ಹೇಗೋ ಚಿತ್ರ ಬರುತ್ತೆ. ಮೋಡ ಕವಿದರೆ ಹೋಗುತ್ತೆ.

ಈಗ ಅಂಗಡಿಗೆ ಹೋಗೋಣ. ನಾಲ್ಕು ಸಾಮಾನು ಬೇಕು. ತಟ್ಟೆ, ಎಲ್.ಎನ್.ಬಿ., ತಂತಿ, ಪೆಟ್ಟಿಗೆ. ಭದ್ರಾ ಕಾಲುವೆ ನೀರು ಗದ್ದೆಗೆ ಬರೋದು ನೆನೆಸಿಕೊಂಡರೆ ಈ ನಾಲ್ಕೂ ತಿಳಿಯುತ್ತೆ. ತಟ್ಟೆ ಅಂದರೆ ಕೆರೆ. ಅಲ್ಲಿ ಎಲ್ಲಾ ಸೇರುತ್ತೆ. ಎಲ್.ಎನ್.ಬಿ. ಅಂದರೆ ತೂಬು. ತಂತಿ ಅಂದರೆ ಕಾಲುವೆ. ಪೆಟ್ಟಿಗೆ ಅಂದರೆ ಗದ್ದೆ ಬದುವಿನಲ್ಲಿ ನೀರು ತಿರುಗಿಸುವವಳು. ಒಂದು ಕಡೆ ಸೋರಿದರೂ ಗದ್ದೆ ಒಣಗುತ್ತೆ.

ಪೆಟ್ಟಿಗೆಯಲ್ಲೇ ಮೋಸ ಹೆಚ್ಚು. ಅದರ ಮಾತು ಮೊದಲು ಹೇಳ್ತೀವಿ. ಇದನ್ನು ಸೆಟ್ ಟಾಪ್ ಬಾಕ್ಸ್ ಅಂತಾರೆ. ಇದರಲ್ಲಿ ಎರಡು ಜಾತಿ. ಎಂಪೆಗ್-2 ಮತ್ತು ಎಂಪೆಗ್-4. ಹೆಸರು ಇಂಗ್ಲಿಷಿನಲ್ಲಿ ಬರೆದಿರುತ್ತೆ. ಅಕ್ಷರ ತಿಳಿಯದಿದ್ದರೂ ಪರವಾಗಿಲ್ಲ. ಕೊನೆಯ ಅಂಕಿ ನೋಡಿ. 2 ಇದೆಯೋ, 4 ಇದೆಯೋ? ಅಂಕಿ ನಮಗೆ ಗೊತ್ತಲ್ಲ.

2 ಹಳೇದು. 4 ಹೊಸದು. ನಾವು ಓದು ಕಲಿತದ್ದು ನೆನಪಿದೆಯಾ? ಮೊದಲು ಅರಗ, ಬಸವ ಅಂತ ಬಿಡಿ ಅಕ್ಷರ ಓದಿದೆವು. ಅಣ್ಣ, ಅಕ್ಕ, ಹಬ್ಬ ಬಂದಾಗ ನಿಂತೆವು. ಒತ್ತಕ್ಷರ ಕಲಿತ ಮೇಲೆ ಬಿಡಿ ಅಕ್ಷರವೂ ಬಂತು, ಒತ್ತಕ್ಷರವೂ ಬಂತು. ಎಂಪೆಗ್-2 ಪೆಟ್ಟಿಗೆಗೆ ಒತ್ತಕ್ಷರ ಬಾರದು. ಅದಕ್ಕೆ 2ರ ಚಾನೆಲ್ ಮಾತ್ರ ತಿಳಿಯುತ್ತೆ. ಎಂಪೆಗ್-4 ಪೆಟ್ಟಿಗೆಗೆ ಎರಡೂ ತಿಳಿಯುತ್ತೆ. ಹಲವು ಚಾನೆಲ್‌ಗಳು 4ರಲ್ಲಿ ಮಾತ್ರ ಬರ್ತಾವೆ. ಹಳೇ ಮಾಲು ಖಾಲಿ ಮಾಡೋಕೆ ಕಡಿಮೆ ಬೆಲೆಗೆ 2ರ ಪೆಟ್ಟಿಗೆ ಕೊಡೋರು ಇದ್ದಾರೆ. ಇನ್ನೂರು ಮುನ್ನೂರು ಉಳಿಯಿತು ಅಂತ ತಂದರೆ ಅರ್ಧ ಚಾನೆಲ್ ಕಾಣೋಲ್ಲ. 4 ಅಂತ ಇರೋದನ್ನೇ ತನ್ನಿ. ಬಿ.ಐ.ಎಸ್. ಗುರುತು ಇದೆಯಾ ಅಂತಲೂ ನೋಡಿ.

ಪೆಟ್ಟಿಗೆಯ ಹಿಂದೆ ತಿರುಗಿಸಿ ನೋಡಿ. ಹಳೇ ಡಬ್ಬದ ಟಿ.ವಿ. ಇದ್ದರೆ ಕೆಂಪು, ಬಿಳಿ, ಹಳದಿ ಮೂರು ಬಣ್ಣದ ತೂತು ಬೇಕು. ಗೋಡೆಗೆ ಹಾಕುವ ಹೊಸ ಟಿ.ವಿ.ಗೆ ಎಚ್.ಡಿ.ಎಂ.ಐ. ಅನ್ನೋ ಚಪ್ಪಟೆ ತೂತು ಇದ್ದರೆ ಚಿತ್ರ ಚೊಕ್ಕಟ. ಎರಡೂ ಇರುವ ಪೆಟ್ಟಿಗೆ ಸಿಗುತ್ತೆ. ಅಂಗಡಿಯಲ್ಲೇ ಹಚ್ಚಿ ತೋರಿಸಿ ಅನ್ನಿ. ರಿಮೋಟನ್ನು ನೀವೇ ಒತ್ತಿ ನೋಡಿ. ಮನೆಯಲ್ಲಿ ರಿಮೋಟು ಯಾರ ಕೈಲಿರುತ್ತೆ ಅನ್ನೋದು ನಮಗೆಲ್ಲ ಗೊತ್ತಿರೋ ವಿಚಾರ. ಅಂಗಡಿಯಲ್ಲಾದರೂ ನಮ್ಮ ಕೈಲಿರಲಿ!

ಹೊಸ ಟಿ.ವಿ.ಯನ್ನೇ ಕೊಳ್ಳುವವರಿಗೆ ಒಂದು ಮಾತು. ಪೆಟ್ಟಿಗೆ ಒಳಗೇ ಇರುವ ಟಿ.ವಿ.ಗಳೂ ಇವೆ. ತಟ್ಟೆಯ ತಂತಿ ನೇರ ಟಿ.ವಿ.ಗೆ ಚುಚ್ಚಿದರೆ ಆಯಿತು. ಇಂಥ ಟಿ.ವಿ. ಹೇಗಿರಬೇಕು ಅಂತ ಬಿ.ಐ.ಎಸ್. ಮಾನದಂಡವನ್ನೂ ಮಾಡಿದೆ. ಸ್ಯಾಟಲೈಟ್ ಟ್ಯೂನರ್ ಒಳಗೇ ಇದೆಯಾ ಅಂತ ಕೇಳಿ. ಆದರೆ ಮನೆಯ ಟಿ.ವಿ. ಚೆನ್ನಾಗಿದ್ದರೆ ಅದಕ್ಕಾಗಿ ಹೊಸದು ಕೊಳ್ಳಬೇಡಿ.

ತಟ್ಟೆ ಎರಡು ಅಡಿಯದ್ದು, ಅಂದರೆ 60 ಸೆಂಟಿಮೀಟರ್, ನಮ್ಮ ಊರುಗಳಿಗೆ ಸಾಕು. ಇನ್ನೊಂದಿಷ್ಟು ದೊಡ್ಡದು ಹಾಕಿದರೆ ಮಳೆಯಲ್ಲಿ ಸ್ವಲ್ಪ ಹೆಚ್ಚು ತಡೆಯುತ್ತೆ. ಆದರೆ ಗಾಳಿಗೂ ಹೆಚ್ಚು ಸಿಗುತ್ತೆ. ಜಗಳೂರಿನ ಬಯಲು ಗಾಳಿಗೆ ಎರಡು ಅಡಿಯೇ ಲೇಸು. ತಗಡು ದಪ್ಪ ಇದೆಯಾ, ತಗ್ಗು ಬಿದ್ದಿಲ್ಲವಾ ನೋಡಿ. ಪಾತ್ರೆ ಕೊಳ್ಳುವಾಗ ಬೆರಳಿಂದ ತಟ್ಟಿ ನೋಡ್ತೀವಲ್ಲ, ಹಾಗೆ. ತಗ್ಗು ಬಿದ್ದ ತಟ್ಟೆ ಅಲೆಗಳನ್ನು ಒಂದು ಕಡೆ ಸೇರಿಸೋಲ್ಲ, ಚೆಲ್ಲುತ್ತೆ.

ಎಲ್.ಎನ್.ಬಿ. ಅಂದರೆ ತಟ್ಟೆಯ ಮುಂದೆ ತೋಳಿನ ತುದಿಯಲ್ಲಿರುವ ಮೊಟ್ಟೆಯಂಥ ಭಾಗ. ಆಕಾಶದ ಸಣ್ಣ ದನಿಯನ್ನು ದೊಡ್ಡದು ಮಾಡಿ, ತಂತಿಯಲ್ಲಿ ಹರಿಯೋ ಹಾಗೆ ಬದಲಿಸುತ್ತೆ. ಯೂನಿವರ್ಸಲ್ ಎಲ್.ಎನ್.ಬಿ. ಕೊಡಿ ಅಂತ ಕೇಳಿ. ಮನೆಯಲ್ಲಿ ಎರಡು ಟಿ.ವಿ. ಇದ್ದರೆ ಎರಡು ಬಾಯಿಯದ್ದು ಕೇಳಿ, ಪೆಟ್ಟಿಗೆ ಮಾತ್ರ ಎರಡು ಬೇಕು.

ತಂತಿಗೆ ಆರ್.ಜಿ.-6 ಅಂತ ಹೆಸರು. ಬೇಕಾದಷ್ಟು ಉದ್ದ ಮಾತ್ರ ತಗೊಳ್ಳಿ. ಉದ್ದ ಹೆಚ್ಚಾದಷ್ಟೂ ಬಲ ಕುಗ್ಗುತ್ತೆ. ನಡುವೆ ಗಂಟು ಹಾಕಿ ಕೂಡಿಸಿದ ತಂತಿ ಬೇಡ. ಕೊನೆಯ ತಿರುಪಿನ ಒಳಗೆ ನೀರು ಹೋಗಬಾರದು. ಅದಕ್ಕೆ ತಂತಿಯನ್ನು ಎಲ್.ಎನ್.ಬಿ. ಹತ್ತಿರ ಒಂದು ಗೇಣು ಜೋಲು ಬಿಡಿಸಿ. ಮಳೆ ನೀರು ಆ ಜೋಲಿನ ತಳದಿಂದ ತೊಟ್ಟಿಕ್ಕಿ ಹೋಗುತ್ತೆ, ಒಳಗೆ ಇಳಿಯೋಲ್ಲ. ಗೋಡೆ ಒಳಗೆ ಬರೋ ಕಡೆಯೂ ಹೀಗೇ ಮಾಡಿಸಿ.

ಈಗಾಗಲೇ ಮನೆ ಮೇಲೆ ಯಾವುದೋ ಕಂಪನಿಯ ತಟ್ಟೆ ಇದೆ, ರೀಚಾರ್ಜು ಬಿಟ್ಟು ವರ್ಷ ಆಯ್ತು, ಅದನ್ನ ಏನು ಮಾಡೋದು? ಇದನ್ನು ಎಲ್ಲಾ ಕಡೆ ಕೇಳ್ತಾರೆ. ತಟ್ಟೆ ನಿಮ್ಮದೇ ಆಗಿದ್ದು ಚೆನ್ನಾಗಿದ್ದರೆ, ಎಲ್.ಎನ್.ಬಿ. ಯೂನಿವರ್ಸಲ್ ಆಗಿದ್ದರೆ, ಬಿಸಾಡಬೇಡಿ. ದಿಕ್ಕು ತಿರುಗಿಸಿದರೆ ಸಾಕು. ಒಂದೊಂದು ಕಂಪನಿಯ ಉಪಗ್ರಹ ಒಂದೊಂದು ಕಡೆ ಇರೋದರಿಂದ ತಿರುಗಿಸಬೇಕಾಗುತ್ತೆ. ಪೆಟ್ಟಿಗೆ ಮಾತ್ರ ಹೊಸದು ಬೇಕು. ಕಂಪನಿ ಪೆಟ್ಟಿಗೆಗೆ ಅವರದೇ ಬೀಗ ಇರುತ್ತೆ. ಹಾಗಾಗಿ ಖರ್ಚು ಅರ್ಧಕ್ಕೂ ಇಳಿಯಬಹುದು. ಅಂಗಡಿಯವರು ಪೂರಾ ಸೆಟ್ಟೇ ತಗೊಳ್ಳಿ ಅಂದರೆ, ಪೆಟ್ಟಿಗೆ ಒಂದೇ ಕೊಡಿ ಅನ್ನಿ.

ಇಷ್ಟೆಲ್ಲ ಹೇಳಿ ಒಂದು ವಿಚಾರ ಮುಚ್ಚಿಟ್ಟರೆ ಸರಿಯಲ್ಲ. ರಾತ್ರಿ ಊಟದ ಹೊತ್ತಿಗೆ ನಾವು ಕಾಯುವ ಧಾರಾವಾಹಿಗಳು ಬರುವ ದುಡ್ಡಿನ ಚಾನೆಲ್‌ಗಳು ಫ್ರೀ ಡಿಶ್‌ನಲ್ಲಿ ಸಾಮಾನ್ಯವಾಗಿ ಇರೋದಿಲ್ಲ. ಖಾಸಗಿ ಚಾನೆಲ್‌ಗಳಿಗೆ ಇಲ್ಲಿ ಹರಾಜಿನಲ್ಲಿ ಜಾಗ ಕೊಡ್ತಾರೆ. ಇವತ್ತು ಇರೋದು ಮುಂದಿನ ವರ್ಷ ಇರದೆ ಹೋಗಬಹುದು. ಹಿಂದಿ ಚಾನೆಲ್‌ಗಳೇ ಜಾಸ್ತಿ. ಅದಕ್ಕೇ ಕೊಳ್ಳುವ ಮುಂಚೆ, ಊರಲ್ಲಿ ಫ್ರೀ ಡಿಶ್ ಇರುವ ಮನೆಗೆ ಹೋಗಿ ಒಂದು ಸಂಜೆ ಕೂತು ನೋಡಿ. ಏನು ಬರುತ್ತೆ, ಏನು ಬರೋಲ್ಲ, ಬರೆದುಕೊಳ್ಳಿ. ಅತ್ತೆಗೆ ಬೇಕಾದ ಧಾರಾವಾಹಿ ಇಲ್ಲ ಅಂತ ಆಮೇಲೆ ಮನೆಯಲ್ಲಿ ಜಗಳ ಆಗೋದು ಬೇಡ.

ಹಾಗಂತ ಚಂದನವನ್ನು ಕಡೆಗಣಿಸಬೇಡಿ. ಥಟ್ ಅಂತ ಹೇಳಿ ಅನ್ನೋ ಕಾರ್ಯಕ್ರಮವನ್ನು ಡಾ. ನಾ. ಸೋಮೇಶ್ವರ ಅವರು 2002ರಿಂದ ನಡೆಸಿಕೊಂಡು ಬಂದರು. ಉತ್ತರ ಹೇಳಿದವರಿಗೆ ಬಹುಮಾನ ಏನು ಗೊತ್ತಾ? ಪುಸ್ತಕ. ಪರದೆ ಮೇಲೆ ಬರುವ ಕನ್ನಡ ಅಕ್ಷರಗಳನ್ನು ಓದೋದು ನಮಗೆ ಒಳ್ಳೆ ಅಭ್ಯಾಸ. ಕೊರೊನಾ ಬಂದು 2020ರಲ್ಲಿ, 2021ರಲ್ಲಿ ಶಾಲೆ ಮುಚ್ಚಿದಾಗ ಮಕ್ಕಳಿಗೆ ಚಂದನದಲ್ಲಿ ಪಾಠ ಬಂತು. ಮೊಬೈಲು ಇಲ್ಲದ ಮನೆಯ ಮಗುವೂ ಆ ಪಾಠ ನೋಡಬಹುದಿತ್ತು. ನಮಗೆ ಕೇಳಿದರೆ, ಓದುವ ಮಕ್ಕಳಿರುವ ಮನೆಗೆ ಈ ತಟ್ಟೆ ಲಾಭವೇ. ಧಾರಾವಾಹಿಯೇ ಮುಖ್ಯ ಅನ್ನುವವರು ತಿಂಗಳ ದುಡ್ಡು ಕೊಟ್ಟು ನೋಡಲಿ, ತಪ್ಪೇನಿಲ್ಲ. ಲೆಕ್ಕ ತಿಳಿದು ಕೊಡಲಿ.

ತಟ್ಟೆ ಕೂರಿಸುವ ದಿನ ನೀವು ಟಿ.ವಿ. ಮುಂದೆ ನಿಲ್ಲಿ. ಪರದೆ ಮೇಲೆ ಎರಡು ಪಟ್ಟಿ ಬರ್ತಾವೆ. ಒಂದು ಬಲದ ಪಟ್ಟಿ. ಇನ್ನೊಂದು ಗುಣದ ಪಟ್ಟಿ. ಬಲದ ಪಟ್ಟಿ ತಂತಿ ಚುಚ್ಚಿದರೂ ಮೇಲೇರುತ್ತೆ. ಅದನ್ನೇ ತೋರಿಸಿ ಆಯ್ತು ಅಂತ ಹೊರಡೋರು ಇದ್ದಾರೆ. ಗುಣದ ಪಟ್ಟಿ ಮೇಲೇರಿತಾ ನೋಡಿ. ತಟ್ಟೆಯನ್ನು ಕೂದಲೆಳೆಯಷ್ಟು ಸರಿಸುತ್ತಾ, ಅದು ಎಲ್ಲಿ ಅತಿ ಹೆಚ್ಚು ಬರುತ್ತೋ ಅಲ್ಲಿ ತಿರುಪು ಬಿಗಿಸಿ. ಬಿಗಿದ ಮೇಲೆ ಇನ್ನೊಂದು ಸಲ ನೋಡಿ. ಬಿಗಿಯುವಾಗಲೇ ಸರಿದುಬಿಡುತ್ತೆ. ಆಮೇಲೆ ತಟ್ಟೆಯ ಕುತ್ತಿಗೆ ಮತ್ತು ಕಂಬ ಸೇರುವ ಕಡೆ ಬಣ್ಣದಲ್ಲಿ ಒಂದು ಗೀಟು ಎಳೆದಿಡಿ. ಮುಂದೆ ಗಾಳಿಗೆ ಸರಿದರೆ ಗೀಟು ಕೂಡಿಸಿ ನೀವೇ ಸರಿ ಮಾಡಬಹುದು.

ಕೆಲವು ಸಲ ಚಾನೆಲ್ ಒಂದೆರಡು ಮಾಯ ಆಗ್ತಾವೆ. ಜಾಗ ಬದಲಾಗಿರುತ್ತೆ, ಅಷ್ಟೇ. ರಿಮೋಟಿನಲ್ಲಿ ಮೆನು ಒತ್ತಿ, ಆಟೋ ಸ್ಕ್ಯಾನ್ ಅನ್ನೋದನ್ನು ಒತ್ತಿದರೆ ಪೆಟ್ಟಿಗೆ ಮತ್ತೆ ಹುಡುಕಿಕೊಳ್ಳುತ್ತೆ. ಐದು ನಿಮಿಷದ ಕೆಲಸ. ಅದನ್ನು ಕೂರಿಸುವವನಿಂದ ಮೊದಲ ದಿನವೇ ಕಲಿತುಕೊಳ್ಳಿ. ಫ್ರೀ ಡಿಶ್‌ಗೆ ತಿಂಗಳ ರೀಚಾರ್ಜು ಮಾಡಬೇಕು, ವರ್ಷಕ್ಕೊಮ್ಮೆ ಕಾರ್ಡು ಹಾಕಬೇಕು ಅಂತ ಯಾರಾದರೂ ಬಂದರೆ ಒಂದು ಪೈಸೆ ಕೊಡಬೇಡಿ.

ಮಳೆ ಬಂದರೆ ಚಿತ್ರ ಹೋಗುತ್ತಲ್ಲ, ಅದು ಯಾರ ತಪ್ಪೂ ಅಲ್ಲ. ಈ ಅಲೆಯ ಉದ್ದ ಎರಡೂವರೆ ಸೆಂಟಿಮೀಟರಿನಷ್ಟು. ದಪ್ಪ ಮಳೆಹನಿಗಳು ಅದನ್ನು ಹೀರಿಬಿಡುತ್ತವೆ. ಮಳೆ ತಗ್ಗಿದರೆ ಬರುತ್ತೆ. ಸಣ್ಣ ಜಿಟಿಜಿಟಿಗೇ ಹೋದರೆ ಮಾತ್ರ ತಟ್ಟೆ ಸರಿದಿದೆ ಅಂತ ತಿಳೀರಿ.

ಗುಡುಗು ಮಿಂಚು ಬಂದಾಗ ಸ್ವಿಚ್ ಆರಿಸಿದರೆ ಸಾಲದು. ಕರೆಂಟಿನ ಪ್ಲಗ್ಗು ಕಿತ್ತಿಡಿ. ಪೆಟ್ಟಿಗೆಯ ಹಿಂದಿನ ತಟ್ಟೆಯ ತಂತಿಯನ್ನೂ ಬಿಚ್ಚಿಡಿ. ಇದನ್ನು ಮೋಡ ಏರುವ ಮುಂಚೆಯೇ ಮಾಡಿ. ಸಿಡಿಲು ಹೊಡೆಯುವಾಗ ತಂತಿ ಮುಟ್ಟಲೇಬಾರದು. ಮೇಲೆ ಹೋದ ಕರೆಂಟಿನ ತಂತಿಯ ಹತ್ತಿರ ಕಂಬ ನೆಡಬೇಡಿ.

ಕೊನೆಗೆ ಬಿಲ್ಲು. ಬಿಲ್ಲು ಬೇಡ ಅಂದರೆ ನೂರು ರೂಪಾಯಿ ಬಿಡ್ತೀನಿ ಅಂತಾರೆ. ಬಿಡಿಸಿಕೊಳ್ಳಬೇಡಿ. ಬಿಲ್ಲಿನಲ್ಲಿ ತಾರೀಖು, ಅಂಗಡಿ ಹೆಸರು, ಎಂಪೆಗ್-4 ಅಂತ ಬರೆದಿದೆಯಾ, ನೀವೇ ಓದಿ ನೋಡಿ. ಗ್ಯಾರಂಟಿ ಚೀಟಿಗೆ ಅಂಗಡಿಯ ಮೊಹರು ಹಾಕಿಸಿ. ನಿಮ್ಮ ಹೆಸರನ್ನು ನೀವೇ ಬರೆಯಿರಿ. ಪೆಟ್ಟಿಗೆ ಕೆಟ್ಟು, ಅಂಗಡಿಯವರು ಕೈ ಆಡಿಸಿದರೆ 1915ಕ್ಕೆ ಫೋನು ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅದರಲ್ಲೂ ಆಗದಿದ್ದರೆ ದಾವಣಗೆರೆಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಅರ್ಜಿ ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ಸಾಮಾನಿಗೆ ಅರ್ಜಿ ಶುಲ್ಕ ಇಲ್ಲ. ವಕೀಲರು ಇರಲೇಬೇಕು ಅಂತಲೂ ಇಲ್ಲ. ಕೈಬರಹದ ಅರ್ಜಿಯ ಜೊತೆ ಬಿಲ್ಲು ಇರಬೇಕು.

ಈಗ ಪುಸ್ತಕದಲ್ಲಿ ಬರೆದುಕೊಳ್ಳಿ. ಅಂಗಡಿಗೆ ಹೋಗುವಾಗ ಈ ಹಾಳೆ ಹರಿದು ಸೆರಗಿಗೆ ಕಟ್ಟಿಕೊಂಡು ಹೋಗಬಹುದು: ಪೆಟ್ಟಿಗೆ ಎಂಪೆಗ್-4. ತಟ್ಟೆ 60 ಸೆಂಟಿಮೀಟರ್. ಎಲ್.ಎನ್.ಬಿ. ಯೂನಿವರ್ಸಲ್. ತಂತಿ ಆರ್.ಜಿ.-6, ಎಷ್ಟು ಮೀಟರ್ ಅಂತ ಮನೆಯಲ್ಲೇ ಹಗ್ಗದಿಂದ ಅಳೆದು ಬರೆಯಿರಿ. ಬರೆದಾದ ಮೇಲೆ ಪಕ್ಕದವರಿಗೆ ಓದಿ ಹೇಳಿ.